ದೀಪದ ಮರಕ್ಕೆ ಹನ್ನೊಂದು ಸೆಕೆಂಡು

ಮಾನ್ಯ ನಿಲಯ ನಿರ್ದೇಶಕರೇ,

ನಿಮ್ಮ ಬಾನುಲಿ ನಿಲಯ ನನ್ನ ಚಿಕ್ಕಪ್ಪನ ಮಾತನ್ನು ಕತ್ತರಿಸಿ, ಬೇಕಾದಂತೆ ಹೊಲಿದು, ತುದಿಗೊಂದು ನಗೆಯ ಗುಂಡಿ ಹಚ್ಚಿ, ಕಳೆದ ಎರಡು ತಿಂಗಳಿಂದ ದಿನಾ ಬೆಳಿಗ್ಗೆ ವಾರ್ತೆಗೆ ಮುಂಚೆ ಊರಿಗೆಲ್ಲ ಕೇಳಿಸುತ್ತಿದೆ. ಅದನ್ನು ನಿಲ್ಲಿಸಿ ಎಂದು ಕೇಳುವುದು ಈ ಪತ್ರದ ಒಂದು ಉದ್ದೇಶ. ಇನ್ನೊಂದು ಉದ್ದೇಶವೂ ಇದೆ, ಅದು ಕೊನೆಯಲ್ಲಿ ಬರುತ್ತದೆ. ಇದಕ್ಕೆ ಮುಂಚೆ ಎರಡು ಸಲ ನಿಮಗೆ ಖಾಸಗಿಯಾಗಿ, ಸಂಬಂಧ ಹೇಳದೆ ಬರೆದಿದ್ದೆ; ಈ ಸಲ ಊರಿಗೆಲ್ಲ ಕಾಣುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಬಂತು. "ಸದರಿ ಧ್ವನಿ ತುಣುಕು ಶ್ರೋತೃಗಳ ಅಪಾರ ಮೆಚ್ಚುಗೆ ಗಳಿಸಿರುವುದರಿಂದ ಅದನ್ನು ಸದ್ಯಕ್ಕೆ ಮುಂದುವರಿಸಲಾಗುವುದು. ಕರೆ ಮಾಡುವವರು ಸ್ಪಷ್ಟವಾಗಿ ಹಾಗೂ ಸಂಕ್ಷಿಪ್ತವಾಗಿ ಮಾತನಾಡಬೇಕೆಂದು ವಿನಂತಿ." ಎರಡೇ ವಾಕ್ಯ. ಸ್ಪಷ್ಟವಾಗಿಯೂ ಇತ್ತು, ಸಂಕ್ಷಿಪ್ತವಾಗಿಯೂ ಇತ್ತು. ನನಗೆ ಅಷ್ಟು ಸಂಕ್ಷಿಪ್ತವಾಗಿ ಬರೆಯಲು ಬರುವುದಿಲ್ಲ, ಕ್ಷಮಿಸಿ.

‘ನೀವು ಹೇಳಿ, ನಾವು ಕೇಳ್ತೀವಿ’ ನಿಮ್ಮ ಗುರುವಾರದ ನೇರ ಫೋನ್ ಕಾರ್ಯಕ್ರಮ. ಬೆಳಿಗ್ಗೆ ಹತ್ತೂವರೆಗೆ ಶುರು. ಒಬ್ಬ ನಿರೂಪಕರು, ಅವರೆದುರು ಯಾವುದಾದರೂ ಇಲಾಖೆಯ ಒಬ್ಬ ಅಧಿಕಾರಿ, ಫೋನಿನ ಆ ಕಡೆ ಇಡೀ ಊರು. ನಲ್ಲಿ, ಚರಂಡಿ, ಬೀದಿದೀಪ, ಬಸ್ಸು, ಏನು ಬೇಕಾದರೂ ಕೇಳಬಹುದು. ಜನರ ಬಾಯಿಗೂ ಸರ್ಕಾರದ ಕಿವಿಗೂ ನೀವು ಕಟ್ಟಿರುವ ಸೇತುವೆ ಇದು ಎಂದು ನಿಮ್ಮ ವಾರ್ಷಿಕೋತ್ಸವದ ಭಾಷಣದಲ್ಲಿ ಹೇಳಿದಿರಿ. ಸೇತುವೆ ಇರುವುದು ನಿಜ. ಅದರ ಮೇಲೆ ಯಾರು ನಡೆಯಬಹುದು, ಎಷ್ಟು ಬೇಗ ನಡೆಯಬೇಕು ಎಂಬ ಫಲಕವನ್ನು ಮಾತ್ರ ನೀವು ಎಲ್ಲೂ ಹಾಕಿಲ್ಲ.

ನನ್ನ ಚಿಕ್ಕಪ್ಪ ವಿದ್ಯುತ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದವರು. ಅವರಿಗೆ ಹುಟ್ಟಿನಿಂದ ಉಗ್ಗು. ಎಲ್ಲ ಅಕ್ಷರಕ್ಕೂ ಅಲ್ಲ, ಎರಡಕ್ಕೆ ಮಾತ್ರ. ‘ಕ’ದಿಂದ ಶುರುವಾಗುವ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ‘ಪ’ದಿಂದ ಶುರುವಾಗುವುದು ತುಟಿಯಲ್ಲಿ. ಈಗ ಯೋಚಿಸಿ. ಕಂಬ ಹತ್ತುವುದೇ ಕಸುಬಾದ ಮನುಷ್ಯನಿಗೆ ಕಂಬ ಎನ್ನಲು ಬರುವುದಿಲ್ಲ, ಕರೆಂಟು ಎನ್ನಲು ಬರುವುದಿಲ್ಲ, ಕಟ್ಟಿಂಗ್ ಪ್ಲೇಯರ್ ಎನ್ನಲಂತೂ ಸಾಧ್ಯವೇ ಇಲ್ಲ. ಅವರು ದಾರಿ ಕಂಡುಕೊಂಡರು. ಕಟ್ಟಿಂಗ್ ಪ್ಲೇಯರಿಗೆ ‘ಹಲ್ಲುಗಾರ’ ಎಂದರು. ಕರೆಂಟಿಗೆ ‘ಅವನು’ ಎಂದರು. "ಅವನು ಹೋದ, ಏರಿ" ಎಂದರೆ ಹತ್ತಬಹುದು. "ಅವನು ಇದ್ದಾನೆ" ಎಂದರೆ ಹತ್ತಬಾರದು. ಅವರ ತಂಡದ ಹನ್ನೆರಡು ಜನ ಆ ಭಾಷೆಯನ್ನು ನಂಬಿ ಮೂವತ್ತೊಂದು ವರ್ಷ ಮೇಲೆ ಹತ್ತಿದರು, ಹನ್ನೆರಡು ಜನವೂ ಕೆಳಗೆ ಇಳಿದರು. ಮನೆಯಲ್ಲಿ ಕಾಗೆ ‘ಮಸಿ ಹಕ್ಕಿ’ ಆಯಿತು. ನಾನು ಶಾಲೆಗೆ ಹೋಗುವವರೆಗೆ ಅದರ ಹೆಸರೇ ಮಸಿ ಹಕ್ಕಿ ಎಂದುಕೊಂಡಿದ್ದೆ. ಕಂಬಕ್ಕೆ ಅವರು ಇಟ್ಟ ಹೆಸರು ‘ದೀಪದ ಮರ’. ಪೋಲ್ ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹದಿಮೂರರ ವಯಸ್ಸಿನಲ್ಲಿ ಇಂಗ್ಲಿಷ್ ಶಾಲೆಯ ಜಂಬದಲ್ಲಿ ನಾನೂ ಅದನ್ನೇ ಕೇಳಿದ್ದೆ. ಅವರು ಪೋಲ್ ಎನ್ನಲು ತುಟಿ ಮುಚ್ಚಿದರು. ಅದು ತೆರೆಯುವ ಹೊತ್ತಿಗೆ ನಾನು ಎದ್ದು ಹೋಗಿದ್ದೆ.

‘ಚಿಕ್ಕಪ್ಪ’ ಎಂಬ ಪದದಲ್ಲಿ ಆ ಎರಡೂ ಅಕ್ಷರ ಇವೆ. ಪುಣ್ಯಕ್ಕೆ ಅದನ್ನು ಹೇಳಬೇಕಾದವರು ನಾವು, ಅವರಲ್ಲ.

ನಾನು ಮುಂದೆ ವಾಕ್ ಚಿಕಿತ್ಸೆ ಓದಿದ್ದು ಅವರಿಂದಾಗಿಯೇ ಇರಬೇಕು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ಉಗ್ಗುವವರ ಜೊತೆ, ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರ ಜೊತೆ ಕೆಲಸ ಮಾಡುತ್ತಿದ್ದೇನೆ. ಚಿಕ್ಕಪ್ಪ ಮಾತ್ರ ಒಂದು ದಿನವೂ ಚಿಕಿತ್ಸೆಗೆ ಬರಲಿಲ್ಲ. ಕರೆದಾಗಲೆಲ್ಲ ಒಂದೇ ಉತ್ತರ: "ನನ್ನ ಮಾತಿಗೇನೂ ಆಗಿಲ್ಲಮ್ಮ. ಎದುರಿಗಿರೋರಿಗೆ ಬಿಡುವಿಲ್ಲ, ಅಷ್ಟೆ." ಅದಕ್ಕೆ ಚಿಕ್ಕಮ್ಮ ಒಳಗಿನಿಂದಲೇ, "ನಲವತ್ತು ವರ್ಷದಿಂದ ನಾನು ಎದುರಿಗಿದ್ದೀನಿ. ನನಗೆ ಬಿಡುವು ಎಲ್ಲಿಂದ ಬಂತೋ ದೇವರಿಗೇ ಗೊತ್ತು" ಎನ್ನುತ್ತಿದ್ದರು.

ಈಗ ದೂರಿಗೆ ಬರುತ್ತೇನೆ.

ಅವರ ಬೀದಿಯ ತಿರುವಿನಲ್ಲಿ, ದರ್ಜಿ ಅಂಗಡಿಯ ಮುಂದೆ ಒಂದು ಕಬ್ಬಿಣದ ಕಂಬ. ಪಕ್ಕದಲ್ಲೇ ಒಂದು ಹಳೆಯ ಬಾದಾಮಿ ಮರ. ಮಳೆಗಾಲದ ಮೊದಲ ವಾರ ಚಿಕ್ಕಪ್ಪ ಗಮನಿಸಿದ್ದೇನೆಂದರೆ, ದಿನಾ ಕಂಬದ ಬುಡದಲ್ಲಿ ಮಲಗುತ್ತಿದ್ದ ಬೀದಿನಾಯಿ ಅಲ್ಲಿ ಮಲಗುವುದನ್ನು ಬಿಟ್ಟಿದೆ. ಅವರು ಕೆಳಗೆ ನಿಂತು ಮೇಲೆ ನೋಡಿದರು. ತಂತಿಯ ಹೊದಿಕೆ ಸವೆದು ಒಳಗಿನ ಲೋಹ ಕಂಬದ ತೋಳಿಗೆ ತಾಗುತ್ತಿತ್ತು. "ಅವನು ಇಳಿದು ಬಂದಿದ್ದಾನೆ, ಮುಟ್ಟಬೇಡಿ" ಎಂದು ದರ್ಜಿಗೆ ಹೇಳಿ, ಹಳೆಯ ಸೈಕಲ್ ಟ್ಯೂಬು ತಂದು ಕೈಗೆಟಕುವವರೆಗೆ ಸುತ್ತಿದರು. ಶಾಲೆಯಿಂದ ಬರುವ ಮಕ್ಕಳು ಆ ತಿರುವಿನಲ್ಲಿ ಕಂಬ ಹಿಡಿದು ಒಂದು ಸುತ್ತು ತಿರುಗಿಯೇ ಮುಂದೆ ಹೋಗುವುದು. ಅದು ಚಿಕ್ಕಪ್ಪನ ಚಿಂತೆ. ಅವರದೇ ಹಳೆಯ ಕಚೇರಿಗೆ ಹೋಗಿ ಲಿಖಿತ ಅರ್ಜಿ ಕೊಟ್ಟು, ಪ್ರತಿಗೆ ಮೊಹರು ಹಾಕಿಸಿಕೊಂಡು ಬಂದರು. ಮೊಹರು ಬಂತು, ಜನ ಬರಲಿಲ್ಲ. ಆ ಗುರುವಾರ ನಿಮ್ಮ ಕಾರ್ಯಕ್ರಮಕ್ಕೆ ನಗರಾಡಳಿತದ ಅಧಿಕಾರಿ ಬರುತ್ತಾರೆಂದು ಕೇಳಿ, ಜೀವಮಾನದಲ್ಲಿ ಮೊದಲ ಸಲ ಅವರು ರೇಡಿಯೋಗೆ ಫೋನ್ ಮಾಡಿದರು. ಉಗ್ಗುವ ಮನುಷ್ಯನೊಬ್ಬ ತಾನಾಗಿ ಫೋನ್ ಎತ್ತುವುದೆಂದರೇನು ಎಂದು ನಿಮಗೆ ಗೊತ್ತಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ. ನಮ್ಮ ವಿಭಾಗದಲ್ಲಿ ಆ ಹಂತ ತಲುಪಲು ಕೆಲವರಿಗೆ ವರ್ಷ ಹಿಡಿಯುತ್ತದೆ.

ವಿಳಾಸ ಬರೆಸಿ ಮೂವತ್ತೈದು ನಿಮಿಷ ಕಾದ ಮೇಲೆ ಸರದಿ ಸಿಕ್ಕಿತು. ಚಿಕ್ಕಮ್ಮ ಪಕ್ಕದಲ್ಲೇ ಕೂತಿದ್ದರು.

"ಹಲೋ, ನೀವು ನೇರ ಪ್ರಸಾರದಲ್ಲಿದ್ದೀರಿ, ನಿಮ್ಮ ರೇಡಿಯೋ ಸೌಂಡು ಕಮ್ಮಿ ಮಾಡ್ಕೊಂಡು ಪ್ರಶ್ನೆ ಕೇಳಿ" ಎಂದರು ನಿಮ್ಮ ನಿರೂಪಕರು.

ಚಿಕ್ಕಪ್ಪ ಅಂದು ಬಳಸುದಾರಿ ಹಿಡಿಯಬಾರದು ಎಂದು ನಿಶ್ಚಯಿಸಿದ್ದರು. ಅಧಿಕಾರಿಗೆ ಅರ್ಥವಾಗಬೇಕಲ್ಲ. ಕಂಬ ಎಂದೇ ಹೇಳಲು ಹೊರಟರು. "ಕ" ಎಂಬಲ್ಲಿ ನಿಂತಿತು. ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಅಷ್ಟರಲ್ಲಿ ಒಂದು ಕೊಳಲಿನ ಸಂಗೀತ ತಾನಾಗಿ ಶುರುವಾಯಿತು.

"ಹಲೋ? ಹಲೋ? ಧ್ವನಿ ಬರ್ತಾ ಇಲ್ಲ. ಹೇಳಿ ಸರ್, ಬೇಗ ಹೇಳಿ, ತುಂಬಾ ಜನ ಕಾಯ್ತಿದ್ದಾರೆ."

ಅಟ್ಟಿಸಿಕೊಂಡು ಬಂದರೆ ಯಾರಾದರೂ ಗೊತ್ತಿರುವ ಗಲ್ಲಿಗೇ ನುಗ್ಗುತ್ತಾರೆ. ಚಿಕ್ಕಪ್ಪನೂ ನುಗ್ಗಿದರು. "ನಮ್ಮ ಬೀದಿ ತಿರುವಿನಲ್ಲಿ ಒಂದು ದೀಪದ ಮರ ಇದೆ. ಮುಟ್ಟಿದ್ರೆ ಹೊಡೆಯುತ್ತೆ."

"ಏನಂದ್ರಿ? ದೀಪದ ಮರಾನಾ? ಹೊಡೆಯೋ ಮರ!" ನಿರೂಪಕರು ನಕ್ಕರು. ಅಧಿಕಾರಿಯೂ ನಕ್ಕರು. "ಮರಕ್ಕೆ ನೀವೇನ್ ಮಾಡಿದ್ರಿ ಸರ್, ಅದು ಹೊಡೆಯೋ ಹಾಗೆ?" ಎಂದರು ನಿರೂಪಕರು. ಆಮೇಲೆ ಅಧಿಕಾರಿ ಗಂಭೀರವಾಗಿ, "ಮರದ ದೂರು ಉದ್ಯಾನ ವಿಭಾಗಕ್ಕೆ ಬರುತ್ತೆ. ವಿಳಾಸ ಬರ್ಕೊಂಡಿದ್ದೀವಿ, ಕ್ರಮ ತಗೋತೀವಿ" ಎಂದರು.

"ಅಲ್ಲ, ಅದು ಮರ ಅಲ್ಲ" ಎಂದು ಚಿಕ್ಕಪ್ಪ ಹೇಳುತ್ತಿದ್ದರು. ನಿಮ್ಮ ನಿರೂಪಕರು ಊರಿಗೆ, "ಸಂಪರ್ಕ ಕಡಿತವಾಗಿದೆ" ಎಂದು ತಿಳಿಸಿದರು. ಸಂಪರ್ಕ ಕಡಿತವಾಗಿರಲಿಲ್ಲ. ಚಿಕ್ಕಮ್ಮ ಸಾಕ್ಷಿ. ಫೋನು ಇನ್ನೂ ಕಿವಿಯಲ್ಲೇ ಇತ್ತು, ಅದರೊಳಗೆ ನಿಮ್ಮ ಕೊಳಲು ಊದುತ್ತಿತ್ತು.

ಮೂರನೆಯ ದಿನ ಇಬ್ಬರು ಯಂತ್ರದ ಗರಗಸ ಹಿಡಿದು ಬಂದರು. ಅವರ ಕೈಯಲ್ಲಿದ್ದ ಕಾಗದದಲ್ಲಿ ‘ದೂರುದಾರರ ಕೋರಿಕೆಯ ಮೇರೆಗೆ ಅಪಾಯಕಾರಿ ಮರ ತೆರವು’ ಎಂದಿತ್ತು. ಹೌದು ಸ್ವಾಮಿ, ಬಾದಾಮಿ ಮರ. ಚಿಕ್ಕಪ್ಪ ಅಂಗಿ ಸಿಕ್ಕಿಸಿಕೊಳ್ಳುತ್ತಾ ಓಡಿ ಬಂದು ಮರಕ್ಕೂ ಗರಗಸಕ್ಕೂ ನಡುವೆ ನಿಂತು, ಕಂಬದ ಕಡೆ ಕೈ ತೋರಿಸಿ, ಮತ್ತೆ ಆ ಅಕ್ಷರದಲ್ಲೇ ಸಿಕ್ಕಿಕೊಂಡರು. "ಬೇಗ ಹೇಳಿ ಯಜಮಾನ್ರೇ, ಮಿಷನ್ ಆನ್ ಆಗಿದೆ" ಎಂದ ಒಬ್ಬ. ಅವನೂ ನಿಮ್ಮ ಶಾಲೆಯಲ್ಲೇ ಕಲಿತಿರಬೇಕು. ಮಧ್ಯಾಹ್ನದ ಹೊತ್ತಿಗೆ ಮರ ತುಂಡುತುಂಡಾಗಿ ಲಾರಿ ಹತ್ತಿತು. ಅದರ ನೆರಳಲ್ಲಿ ಇಪ್ಪತ್ತು ವರ್ಷ ಹೊಲಿದ ದರ್ಜಿ ಬಂದು, "ನೀವೇ ಅಲ್ವಾ ಫೋನ್ ಮಾಡಿದ್ದು? ಆ ಮರ ನಿಮಗೇನ್ ಮಾಡಿತ್ತು?" ಎಂದ. ಚಿಕ್ಕಪ್ಪನ ಹತ್ತಿರ ಅದಕ್ಕೆ ಉತ್ತರವಿತ್ತು. ಅದೂ ‘ಕ’ದಿಂದಲೇ ಶುರುವಾಗುತ್ತಿತ್ತು.

ಮುಂದಿನ ಗುರುವಾರ ನಿಮ್ಮ ಕಾರ್ಯಕ್ರಮ ಚಪ್ಪಾಳೆಯ ಸದ್ದಿನೊಂದಿಗೆ ಆರಂಭವಾಯಿತು: "ದೀಪದ ಮರದ ದೂರಿಗೆ ಮೂರೇ ದಿನದಲ್ಲಿ ಪರಿಹಾರ." ಅದರ ಮಾರನೆಯ ದಿನದಿಂದ ಆ ಧ್ವನಿ ತುಣುಕು. ಅದರಲ್ಲಿ ನಿಮ್ಮವರು ಮಾಡಿರುವ ಕುಶಲಕರ್ಮದ ಬಗ್ಗೆ ವೃತ್ತಿಯವಳಾಗಿ ಒಂದು ಮಾತು ಹೇಳಲೇಬೇಕು. ಚಿಕ್ಕಪ್ಪ ತಡೆದು ನಿಂತ ನಾಲ್ಕು ಸೆಕೆಂಡನ್ನು ತೆಗೆದು ಹಾಕಿದ್ದಾರೆ. ಹಾಗಾಗಿ "ದೀಪದ ಮರ ಇದೆ, ಮುಟ್ಟಿದ್ರೆ ಹೊಡೆಯುತ್ತೆ" ಎಂಬುದು ನೀರು ಹರಿದಂತೆ ಕೇಳುತ್ತದೆ. ಹಿಂದೆ ನಗು, ಆಮೇಲೆ ‘ನೀವು ಹೇಳಿ, ನಾವು ಕೇಳ್ತೀವಿ’. ಎಪ್ಪತ್ತು ವರ್ಷದ ಬದುಕಿನಲ್ಲಿ ನನ್ನ ಚಿಕ್ಕಪ್ಪ ಅಷ್ಟು ಸರಾಗವಾಗಿ ಮಾತಾಡಿದ್ದು ಅದೊಂದೇ ಸಲ. ಹದಿನೆಂಟು ವರ್ಷದಲ್ಲಿ ನಾನು ಸಾಧಿಸದ ಚಿಕಿತ್ಸೆಯನ್ನು ನೀವು ಒಂದು ಕತ್ತರಿಯಲ್ಲಿ ಸಾಧಿಸಿದಿರಿ. ಉಗ್ಗು ಹೋಯಿತು, ಬುದ್ಧಿಯೂ ಹೋದಂತೆ ಕೇಳಿಸಿತು.

ಈ ಕತ್ತರಿಯ ಪರಿಚಯ ನನಗೆ ಹೊಸದಲ್ಲ. ಎರಡು ವರ್ಷದ ಹಿಂದೆ ನಿಮ್ಮ ನಿಲಯದವರೇ ಉಗ್ಗಿನ ಬಗ್ಗೆ ಸಂದರ್ಶನಕ್ಕೆಂದು ನನ್ನನ್ನು ಕರೆದಿದ್ದರು. ಚಪ್ಪಲಿ ಹೊರಗೆ ಬಿಡಿಸಿ, ಗೋಡೆಗೆಲ್ಲ ಕಂಬಳಿಯಂಥ ಬಟ್ಟೆ ಬಡಿದ ಕೋಣೆಯಲ್ಲಿ ಕೂರಿಸಿದರು. ಅಲ್ಲಿನ ಗೋಡೆ ಗಡಿಯಾರಕ್ಕೂ ಸದ್ದಿಲ್ಲ. "ಉಗ್ಗುವವರು ಸ್ವಲ್ಪ ಧೈರ್ಯ ತಂದುಕೊಳ್ಳಬೇಕು ಅಲ್ವಾ ಮೇಡಂ?" ಎಂದು ಇದೇ ನಿರೂಪಕರು ಕೇಳಿದರು. ಧೈರ್ಯ ಅವರಲ್ಲಿ ಬೇಕಾದಷ್ಟಿದೆ, ಕೇಳುವವರು ತಾಳ್ಮೆ ತಂದುಕೊಳ್ಳಬೇಕು ಎಂದೆ. ಎಷ್ಟು ತಾಳ್ಮೆ ಎಂದು ತೋರಿಸಲು ಹತ್ತು ಸೆಕೆಂಡು ಸುಮ್ಮನಿದ್ದು ತೋರಿಸಿದೆ. ಪ್ರಸಾರವಾದಾಗ ಆ ಹತ್ತು ಸೆಕೆಂಡು ಇರಲಿಲ್ಲ. ಅವತ್ತೇ ಗಾಜಿನ ಆಚೆ ಕೂತಿದ್ದ ತಂತ್ರಜ್ಞರು, ಒಳ್ಳೆಯ ಮನುಷ್ಯ, ನನಗೆ ವಿವರಿಸಿದ್ದರು: "ನಾಲ್ಕು ಸೆಕೆಂಡು ಸದ್ದಿಲ್ಲ ಅಂದ್ರೆ ಮಿಷನ್ನೇ ಮ್ಯೂಸಿಕ್ ಹಾಕುತ್ತೆ ಮೇಡಂ. ಸುಮ್ಮನಿದ್ರೆ ಜನ ರೇಡಿಯೋ ಕೆಟ್ಟಿದೆ ಅಂದ್ಕೋತಾರೆ." ಮೌನವನ್ನು ರಿಪೇರಿಯ ವಿಷಯವೆಂದು ತಿಳಿದ ಸಂಸ್ಥೆಯೊಂದು ಊರಿನ ಮಾತು ಕೇಳಲು ಕೂತಿದೆ. ಇದನ್ನು ವ್ಯಂಗ್ಯ ಎನ್ನಬೇಕೋ ಆಡಳಿತ ಎನ್ನಬೇಕೋ ನನಗೆ ತಿಳಿಯದು.

ನ್ಯಾಯವಾಗಿ ಹೇಳಬೇಕು. ನಿರೂಪಕರು ಕೆಟ್ಟವರಲ್ಲ. ಎಂಟು ಫೋನುಗಳ ದೀಪ ಮಿನುಗುವಾಗ, ಅಧಿಕಾರಿ ವಾಚು ನೋಡುವಾಗ, ನಾನೇ ಅಲ್ಲಿದ್ದರೂ ತಡವರಿಸುವ ಒಂದು ಧ್ವನಿಗಾಗಿ ಕಾಯುತ್ತಿದ್ದೆನೇ? ಗೊತ್ತಿಲ್ಲ. ಹದಿಮೂರರಲ್ಲಿ ಕಾಯಲಿಲ್ಲ. ಆದರೆ ತಪ್ಪಾಗಿದೆ ಎಂದು ಎರಡು ಸಲ ಬರೆದು ತಿಳಿಸಿದ ಮೇಲೂ, ಮೆಚ್ಚುಗೆ ಗಳಿಸಿದೆ ಎಂದು ಮುಂದುವರಿಸಿದ್ದು ಗಡಿಬಿಡಿಯಲ್ಲ. ಅದಕ್ಕೆ ನಿಮ್ಮ ಸಹಿ ಇದೆ, ನಿಧಾನವಾಗಿ ಹಾಕಿದ ದುಂಡು ಸಹಿ.

ಮರ ಹೋದದ್ದರಿಂದ ಇನ್ನೊಂದು ಆಯಿತು. ಅಷ್ಟು ದಿನ ಅದರ ಎಲೆಗಳು ಕಂಬವನ್ನು ಮಳೆಯಿಂದ ಸ್ವಲ್ಪವಾದರೂ ಕಾಪಾಡುತ್ತಿದ್ದವು. ಈಗ ಮಳೆ ನೇರವಾಗಿ ತಂತಿಯ ಮೇಲೆ ಸುರಿಯತೊಡಗಿತು. ಚಿಕ್ಕಪ್ಪ ಮಳೆ ಬಂದಾಗಲೆಲ್ಲ ರಬ್ಬರ್ ಚಪ್ಪಲಿ ಹಾಕಿಕೊಂಡು, ಮರದ ಸ್ಟೂಲಿನ ಮೇಲೆ, ಕಂಬದಿಂದ ಮಾರು ದೂರದಲ್ಲಿ ಕಾವಲು ಕೂತರು. ಬೀದಿಯ ಮಕ್ಕಳು ಅವರಿಗೆ ‘ದೀಪದ ಮರ ತಾತ’ ಎಂದು ಹೆಸರಿಟ್ಟರು. ಅವರೇನೂ ನೊಂದುಕೊಳ್ಳಲಿಲ್ಲ. "ಹೆಸರು ಏನಾದ್ರೂ ಇರಲಿ, ದೂರ ನಿಂತ್ಕೊಂಡು ಅನ್ನಿ" ಎನ್ನುತ್ತಿದ್ದರಂತೆ.

ನಾನು ಆಗ ಏನು ಮಾಡುತ್ತಿದ್ದೆ? ನಿಮಗೆ ಬರೆದ ಆ ಎರಡು ಪತ್ರ ಬಿಟ್ಟರೆ, ಒಮ್ಮೆ ವಿದ್ಯುತ್ ಸಹಾಯವಾಣಿಗೆ ಫೋನ್ ಮಾಡಿದೆ, ಅಷ್ಟೆ. "ಆ ವಿಳಾಸದ ದೂರು ಮುಗಿದಿದೆ ಮೇಡಂ, ಮರ ತೆಗೆದಿದ್ದಾರೆ" ಎಂದಳು ಹುಡುಗಿ. ಮರ ಅಲ್ಲಮ್ಮ, ಕಂಬ ಎಂದೆ. "ಸಿಸ್ಟಮ್‌ನಲ್ಲಿ ಮರ ಅಂತಿದೆ ಮೇಡಂ." ನಕ್ಕು ಫೋನಿಟ್ಟೆ. ಹೌದು, ನಕ್ಕೆ. ಆಮೇಲೆ ಕೆಲಸ, ಮನೆ, ಮಗಳ ಪರೀಕ್ಷೆ. ಇನ್ನೂ ಒಂದು ಹೇಳಬೇಕಾಗಿದೆ, ಅದನ್ನು ಹೇಳದಿದ್ದರೆ ಈ ಪತ್ರವೂ ನಿಮ್ಮ ಧ್ವನಿ ತುಣುಕಿನಂತೆ ಬೇಡದ್ದನ್ನು ಕತ್ತರಿಸಿದ ಸುಳ್ಳಾಗುತ್ತದೆ. ನಮ್ಮ ಆಸ್ಪತ್ರೆಯಲ್ಲೂ ಆ ತುಣುಕು ಹೆಸರುವಾಸಿಯಾಗಿತ್ತು. ಗ್ಲೂಕೋಸ್ ಬಾಟಲಿ ತೂಗುಹಾಕುವ ಸ್ಟ್ಯಾಂಡ್ ಅಡ್ಡ ಬಂದರೆ, "ದೀಪದ ಮರ ಸ್ವಲ್ಪ ಆ ಕಡೆ ತಳ್ಳಿ ಸಿಸ್ಟರ್" ಎನ್ನುತ್ತಿದ್ದರು ಸಹೋದ್ಯೋಗಿ. ಎಲ್ಲರೂ ನಗುತ್ತಿದ್ದರು. ಆ ಮನುಷ್ಯ ನನ್ನ ಚಿಕ್ಕಪ್ಪ ಎಂದು ನಾನು ಒಂದು ದಿನವೂ ಹೇಳಲಿಲ್ಲ. ಉಗ್ಗುವವರ ಪರವಾಗಿ ಮಾತಾಡಿ ಸಂಬಳ ತಿನ್ನುವವಳಿಗೆ ಆ ಒಂದು ಸಂಬಂಧ ಹೇಳಲು ನಾಲಿಗೆ ಏಳಲಿಲ್ಲ. ನನ್ನ ಉಗ್ಗಿಗೆ ಯಾವ ಅಕ್ಷರ ಕಾರಣ ಎಂದು ಹುಡುಕುತ್ತಿದ್ದೇನೆ.

ಆರನೆಯ ವಾರ ದರ್ಜಿಯ ಮೊಮ್ಮಗಳು, ಒಂಬತ್ತು ವರ್ಷದವಳು, ಮಳೆಯಲ್ಲಿ ಕೊಡೆ ಹಿಡಿದು ತಿರುವಿಗೆ ಬಂದಳು. ಚಿಕ್ಕಪ್ಪ ಆಗಷ್ಟೇ ಊಟಕ್ಕೆ ಎದ್ದಿದ್ದರು. ಕೊಡೆಯ ಕಬ್ಬಿಣದ ತುದಿ ಸೈಕಲ್ ಟ್ಯೂಬಿನಿಂದ ಒಂದು ಗೇಣು ಮೇಲೆ ಕಂಬಕ್ಕೆ ತಾಗಿತು. ಹುಡುಗಿ ಬಿದ್ದಳು. ಒಣ ಕೋಲಿನಿಂದ ಕೊಡೆಯನ್ನು ತಳ್ಳಿ ಅವಳನ್ನು ಬಿಡಿಸಿದ್ದು ಚಿಕ್ಕಪ್ಪನೇ. ಜೀವ ಉಳಿಯಿತು. ಬಲ ಅಂಗೈ ಸುಟ್ಟಿದೆ, ಬೆರಳು ಪೂರ್ತಿ ಮಡಚಲು ಬರುತ್ತಿಲ್ಲ. ನಿಮ್ಮ ದಾಖಲೆಯಲ್ಲಿ ಆ ಹೊತ್ತಿಗೆ ದೂರು ಬಗೆಹರಿದು ಮೂವತ್ತೇಳು ದಿನವಾಗಿತ್ತು.

ಆ ಗುರುವಾರ ನಾನೇ ಫೋನ್ ಮಾಡಿದೆ. ನಿಮಗೆ ನೆನಪಿರಬೇಕು, ಅದನ್ನೂ ಹೊಗಳಿದ್ದೀರಿ. ನನ್ನ ದನಿ ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದು. ಎಲ್ಲಿ ಇಂಗ್ಲಿಷ್ ಹಾಕಬೇಕು, ಎಲ್ಲಿ ಧ್ವನಿ ತಗ್ಗಿಸಬೇಕು ಗೊತ್ತು. ‘ಎಕ್ಸ್‌ಪೋಸ್ಡ್ ವೈರ್’ ಎಂದೆ, ‘ಲೀಕೇಜ್ ಕರೆಂಟ್’ ಎಂದೆ, ‘ಪಬ್ಲಿಕ್ ಸೇಫ್ಟಿ’ ಎಂದೆ, ‘ಲಯಬಿಲಿಟಿ’ ಎಂದೆ. ನಲವತ್ತು ಸೆಕೆಂಡು. ಅಂದು ಬಂದಿದ್ದ ವಿದ್ಯುತ್ ಇಲಾಖೆಯ ಎಂಜಿನಿಯರ್, "ನೋಟ್ ಮಾಡ್ಕೊಂಡೆ ಮೇಡಂ, ಇವತ್ತೇ ಕಳಿಸ್ತೀನಿ" ಎಂದರು. ನಿರೂಪಕರು, "ಎಷ್ಟು ಸ್ಪಷ್ಟವಾಗಿ ಹೇಳಿದ್ರಿ ಮೇಡಂ. ನಮಗೆ ಇಂಥ ಶ್ರೋತೃಗಳು ಬೇಕು" ಎಂದರು. ಶನಿವಾರ ಹೊಸ ಕಂಬ ನಿಂತಿತು. ಬೀದಿಯವರೆಲ್ಲ ಬಂದು ನನ್ನನ್ನು ಕೊಂಡಾಡಿದರು. ನನಗೆ ಹೆಮ್ಮೆಯಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಇದನ್ನು ಆರು ವಾರದ ಹಿಂದೆಯೇ ನನ್ನ ಚಿಕ್ಕಪ್ಪ ನಿಮಗೆ ಹೇಳಿದ್ದರು, ನೀವು ನಕ್ಕಿರಿ, ಎಂದು ಆ ನಲವತ್ತು ಸೆಕೆಂಡಿನಲ್ಲಿ ನಾನು ಹೇಳಲಿಲ್ಲ. ಐದು ಸೆಕೆಂಡಿನ ಮಾತು. ಸಮಯವಿತ್ತು.

ಹೊಸ ಕಂಬ ನಿಂತ ದಿನದಿಂದ ಚಿಕ್ಕಪ್ಪ ಮಾತು ನಿಲ್ಲಿಸಿದರು. "ಹೂಂ" ಮತ್ತು "ಉಹೂಂ" ಬಿಟ್ಟರೆ ಏನೂ ಇಲ್ಲ. ನಲವತ್ತು ವರ್ಷ ಅಡುಗೆಮನೆಯ ಮೊಳೆಗೆ ನೇತಾಡಿದ ನಿಮ್ಮ ರೇಡಿಯೋವನ್ನು ಇಳಿಸಿ, ಬಟ್ಟೆ ಸುತ್ತಿ, ಅಟ್ಟದ ಮೇಲಿಟ್ಟರು. "ಜಗಳಾನಾದ್ರೂ ಆಡ್ಲಿ ಅಂತ ಉಪ್ಪಿಲ್ಲದೆ ಸಾರು ಮಾಡ್ದೆ ಕಣೇ. ಉಣ್ಣೋದು ಉಂಡು ಎದ್ದು ಹೋದ್ರು" ಎಂದು ಚಿಕ್ಕಮ್ಮ ನನಗೆ ಫೋನ್ ಮಾಡಿ ಅತ್ತರು. ಚಿಕ್ಕಮ್ಮ ಅಳುವವರಲ್ಲ.

ಎರಡು ವಾರದ ಬಳಿಕ ಒಂದು ಬೆಳಿಗ್ಗೆ ಚಿಕ್ಕಪ್ಪ, ಹದಿನೆಂಟು ವರ್ಷದಲ್ಲಿ ಮೊದಲ ಸಲ, ನಮ್ಮ ವಿಭಾಗಕ್ಕೆ ಬಂದರು. ರೋಗಿಗಳ ಬೆಂಚಿನಲ್ಲಿ ಸರದಿಯಂತೆ ಕೂತರು. ನಾನು ಒಳಗೆ ಕರೆದೆ, ಬರಲಿಲ್ಲ. ಬೆಂಚಿನ ಎದುರು ಗೋಡೆಯ ಮೇಲೆ ಒಂದು ಫಲಕವಿದೆ, ರೋಗಿಗಳ ಮನೆಯವರಿಗೆಂದು ನಾನೇ ಬರೆಸಿದ್ದು: ‘ಅವರ ಮಾತನ್ನು ನೀವು ಮುಗಿಸಬೇಡಿ. ಕಾಯಿರಿ.’ ಅದನ್ನು ಅವರು ನಿಧಾನವಾಗಿ ಓದಿದರು. ಆಮೇಲೆ ನನ್ನ ಮುಖ ನೋಡಿದರು. ಬೈಯುವ ನೋಟವಲ್ಲ. ಕಂಬದ ಮೇಲಿನ ತಂತಿಯನ್ನು ಕೆಳಗೆ ನಿಂತು ನೋಡುತ್ತಾರಲ್ಲ, ಎಲ್ಲಿ ಸವೆದಿದೆ ಎಂದು, ಆ ನೋಟ. ಎದ್ದು ಹೋದರು.

ಅಂದು ಸಂಜೆಯೇ ಅವರ ಮನೆಗೆ ಹೋಗಿ ಅಡುಗೆಮನೆಯಲ್ಲಿ ಅವರ ಮುಂದೆ ಕೂತು ಈ ಪತ್ರದ ಮೊದಲ ಭಾಗವನ್ನು ಕೊಟ್ಟೆ. ಪೆನ್ಸಿಲ್ ಹಿಡಿದು ಓದಿದರು. ಆಸ್ಪತ್ರೆಯಲ್ಲಿ ನಾನು ಸುಮ್ಮನಿದ್ದ ಸಾಲಿಗೆ ಬಂದಾಗ ಪೆನ್ಸಿಲ್ ನಿಂತಿತು, ಮುಂದೆ ಹೋಯಿತು. ಮುಗಿಸಿ, ಜೇಬಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಈ ಎರಡು ವಾರ ಅವರು ಸುಮ್ಮನೆ ಕೂತಿರಲಿಲ್ಲ, ಊರೆಲ್ಲ ನಡೆದಿದ್ದರು. ಹಾಳೆಯಲ್ಲಿ ಇನ್ನೂ ಮೂರು ಜಾಗ ಬರೆದಿತ್ತು. ಮೂರು ಕಡೆಯೂ ‘ಅವನು’ ಇಳಿದು ಬರುತ್ತಿದ್ದಾನೆ.

"ಕೊಡಿ ಚಿಕ್ಕಪ್ಪ, ನಾನು ಗುರುವಾರ ಹೇಳ್ತೀನಿ" ಎಂದುಬಿಟ್ಟೆ. ಬಾಯಿಗೆ ಅಭ್ಯಾಸ.

ಅವರು ಹಾಳೆಯ ಮೇಲೆ ಕೈ ಇಟ್ಟರು. "ನಾನೇ ಹೇಳ್ತೀನಿ" ಎಂದರು. ಎರಡು ವಾರದ ನಂತರದ ಮೊದಲ ಮಾತು. ಒಲೆಯ ಮುಂದಿದ್ದ ಚಿಕ್ಕಮ್ಮ ತಿರುಗಿ ನೋಡಿದರು. "ಈ ಸಲ ಮರ ಅನ್ನಲ್ಲ" ಎಂದು ಸೇರಿಸಿದರು.

ಮತ್ತೆ ಶುರು ಮಾಡಿದರು. "ಕ" ಎಂಬಲ್ಲಿ ನಿಂತಿತು. ಚಿಕ್ಕಮ್ಮ ಕೈಚಾಚಿ ಒಲೆ ಆರಿಸಿದರು. ನಾನು ಅವರ ತಲೆಯ ಹಿಂದಿನ ಗೋಡೆ ಗಡಿಯಾರ ನೋಡುತ್ತಿದ್ದೆ. ನಾಲ್ಕನೆಯ ಸೆಕೆಂಡಿನಲ್ಲಿ ನಿಮ್ಮ ಕೊಳಲು ನೆನಪಾಯಿತು. ಏಳನೆಯದರಲ್ಲಿ ಆ ಪದ ನನ್ನ ನಾಲಿಗೆಯ ತುದಿಗೇ ಬಂದು ಕೂತಿತ್ತು, ಹಲ್ಲಿನಿಂದ ಕಚ್ಚಿ ಹಿಡಿದೆ. ಹತ್ತನೆಯದರಲ್ಲಿ ಅವರ ಕುತ್ತಿಗೆಯ ನರ ಸಡಿಲವಾಯಿತು.

"ಕಂಬ" ಎಂದರು.

ಹನ್ನೊಂದು ಸೆಕೆಂಡು. ನಾನು ಕೇಳಿದ್ದೇನೆ, ಕೇಳಲು ಸಾಧ್ಯವಿದೆ. ಯಾರೂ ಸಾಯುವುದಿಲ್ಲ. ರೇಡಿಯೋ ಕೆಟ್ಟಿದೆ ಎಂದೂ ಅನಿಸುವುದಿಲ್ಲ.

ಆದ್ದರಿಂದ ನಿರ್ದೇಶಕರೇ, ನನ್ನ ಬೇಡಿಕೆ ಇಷ್ಟು. ನಾಳೆ ಬೆಳಿಗ್ಗೆಯಿಂದ ಆ ಧ್ವನಿ ತುಣುಕು ಬರಕೂಡದು. ಬರುವ ಗುರುವಾರ ಹತ್ತೂವರೆಗೆ ನೀವೇ ಅವರಿಗೆ ಫೋನ್ ಮಾಡಬೇಕು. ಅವರು ಮಾಡುವುದಿಲ್ಲ, ಒಮ್ಮೆ ಮಾಡಿ ನೋಡಿದ್ದಾರೆ. ಎದುರಿಗೆ ವಿದ್ಯುತ್ ಇಲಾಖೆಯವರು ಕೂತಿರಬೇಕು. ನಿಮ್ಮ ನಾಲ್ಕು ಸೆಕೆಂಡಿನ ಯಂತ್ರವನ್ನು ಆರಿಸಿರಬೇಕು. ಹೇಗೆ ಎಂದು ಗಾಜಿನ ಆಚೆಯ ಆ ಒಳ್ಳೆಯ ಮನುಷ್ಯರಿಗೆ ಗೊತ್ತು. ನಿರೂಪಕರು "ಹಲೋ ಹಲೋ" ಎನ್ನಬಾರದು, "ಬೇಗ ಹೇಳಿ" ಎನ್ನಬಾರದು, ಪದ ಊಹಿಸಬಾರದು, ನಗಬಾರದು. ಕಾಯಬೇಕು. ಅದು ಕಷ್ಟ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಆ ಮೂರು ಜಾಗಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಮತ್ತೆ ಅವರ ಮಾತನ್ನು ನಾನೇ ಮುಗಿಸಿದಂತಾಗುತ್ತದೆ. ಮಕ್ಕಳ ಅಂಗೈಯನ್ನು ಪಣಕ್ಕಿಟ್ಟು ನೀತಿ ಹೇಳುತ್ತಿದ್ದಾಳೆ ಎಂದು ಯಾರೂ ಭಾವಿಸಬೇಡಿ. ಹಾಳೆಯ ಪ್ರತಿಯನ್ನು ನಿನ್ನೆಯೇ ವಿದ್ಯುತ್ ಕಚೇರಿಗೆ ಕೊಟ್ಟು ಮೊಹರು ಹಾಕಿಸಿದ್ದೇನೆ. ಎಂದಿನಂತೆ ಮೊಹರು ಬಂದಿದೆ. ಚಿಕ್ಕಪ್ಪ ಮೂರೂ ಕಂಬಗಳಿಗೆ ಟ್ಯೂಬು ಸುತ್ತಿ ಕೆಂಪು ಬಟ್ಟೆ ಕಟ್ಟಿದ್ದಾರೆ, ಈ ಸಲ ಏಣಿ ಹಾಕಿ ಎರಡಾಳು ಎತ್ತರಕ್ಕೆ. ಊರಿನ ಜನರೇ, ಕೆಂಪು ಬಟ್ಟೆ ಕಂಡಲ್ಲಿ ದೂರ ನಿಲ್ಲಿ, ಮಕ್ಕಳಿಗೂ ಹೇಳಿ. ಅಲ್ಲಿ ಒಬ್ಬ ಮುದುಕ ಸ್ಟೂಲಿನ ಮೇಲೆ ಕೂತಿದ್ದರೆ ಅವರು ಹೇಳುವುದನ್ನು ನಿಂತು ಕೇಳಿ.

ಗುರುವಾರ ನಿಮ್ಮ ಫೋನ್ ಬರದಿದ್ದರೆ, ಹತ್ತು ಐವತ್ತಕ್ಕೆ ನಾನು ಕರೆ ಮಾಡುತ್ತೇನೆ. ನನ್ನ ಸ್ಪಷ್ಟ ಧ್ವನಿಯಲ್ಲಿ, ನಿಮಗೆ ಇಷ್ಟವಾಗುವ ಇಂಗ್ಲಿಷ್ ಪದ ಸೇರಿಸಿ, ನಲವತ್ತು ಸೆಕೆಂಡಿನಲ್ಲಿ ಮೂರೂ ಜಾಗ ಹೇಳುತ್ತೇನೆ. ಶನಿವಾರದೊಳಗೆ ಮೂರೂ ಸರಿಯಾಗುತ್ತವೆ. ನೀವು ಚಪ್ಪಾಳೆಯ ಸದ್ದು ಹಾಕುತ್ತೀರಿ. ಚಿಕ್ಕಪ್ಪ ಮತ್ತೆಂದೂ ಮಾತಾಡುವುದಿಲ್ಲ. ಮಕ್ಕಳ ಕೈ ಮುಖ್ಯ, ಹಾಗಾಗಿ ನಾನು ಅದನ್ನು ಮಾಡಿಯೇ ಮಾಡುತ್ತೇನೆ, ಅವರಿಗೂ ಹೇಳಿದ್ದೇನೆ, ಅವರು "ಹೂಂ" ಎಂದಿದ್ದಾರೆ. ನನ್ನಿಂದ ಅದನ್ನು ಮಾಡಿಸಬೇಡಿ.

ರೇಡಿಯೋ ಅಟ್ಟದಿಂದ ಇಳಿದಿದೆ. ಚಿಕ್ಕಮ್ಮ ಅದರ ಧೂಳು ಒರೆಸಿ ಮೊಳೆಗೆ ನೇತುಹಾಕಿದ್ದಾರೆ, ಇನ್ನೂ ಹಚ್ಚಿಲ್ಲ.

ಇಂತಿ,
ನೀವು ಹೊಗಳಿದ ಆ ಸ್ಪಷ್ಟ ಧ್ವನಿಯವಳು,
ದೀಪದ ಮರದವರ ಅಣ್ಣನ ಮಗಳು
(ಇದನ್ನು ಹೇಳಲು ನನಗೆ ಹಿಡಿದದ್ದು ಎರಡು ತಿಂಗಳು)